ವಿರೂಪಾಪುರ ಗಡ್ಡೆ ಹಂಪಿಗೆ ಸೇರಿದ್ದಾ? ಸ್ಥಳೀಯ ಚುನಾವಣೆ ಬಗ್ಗೆ ಬರುವ ಮೆಸೇಜ್‌ಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು?

"ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ ಚಾಲೆಂಜ್ ವೋಟ್ ಹಾಕಬಹುದು." "ವಿಜಯನಗರ ಜಿಲ್ಲೆ ಆಯಿತಲ್ಲ, ಇನ್ನು ಎಂಪಿ ಕ್ಷೇತ್ರವೂ ಬೇರೆ." "ಗ್ರಾಮ ಪಂಚಾಯಿತಿಯಲ್ಲಿ ನಮ್ಮ ಪಕ್ಷಕ್ಕೆ ಭರ್ಜರಿ ಬಹುಮತ." ಚುನಾವಣೆ ಹತ್ತಿರ ಬಂದಾಗಲೆಲ್ಲ ಇಂಥ ಮೆಸೇಜ್‌ಗಳು ಊರಿನ ಗ್ರೂಪುಗಳಿಗೆ ಬರುತ್ತವೆ. ಕಳಿಸುವವರು ನಮ್ಮವರೇ ಆಗಿರುತ್ತಾರೆ, ಉದ್ದೇಶವೂ ಒಳ್ಳೆಯದೇ ಇರುತ್ತದೆ. ಆದರೆ ಚಾಲೆಂಜ್ ವೋಟ್ ಮೆಸೇಜನ್ನು ನಂಬಿ ಮತಗಟ್ಟೆಗೆ ಹೋದವರು ಮತ ಹಾಕದೆ ವಾಪಸ್ ಬರಬೇಕಾಗುತ್ತದೆ. ನಷ್ಟ ಅವರದ್ದೇ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಭಾಗವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ಬಿಡಿಸಿ ನೋಡೋಣ. ಈ ನಾಲ್ಕೂ ಊರು ಹತ್ತಿರ ಹತ್ತಿರ ಇವೆ, ಆದರೆ ಆಡಳಿತದ ನಕ್ಷೆಯಲ್ಲಿ ಒಂದೊಂದರ ಕಥೆ ಒಂದೊಂದು ಥರ. ನಡುವೆ ತುಂಗಭದ್ರೆ, ಆ ಹೊಳೆಯಲ್ಲಿ ಒಂದು ನಡುಗಡ್ಡೆ. ನಾವು ಹೇಳಹೊರಟಿರುವುದು ಇಷ್ಟೇ: ನಮ್ಮ ಮನೆಗೆ ಅತಿ ಹತ್ತಿರ ಇರುವ ಸರ್ಕಾರದ ಬಗ್ಗೆಯೇ ನಮಗೆ ಅತಿ ಕಡಿಮೆ ಗೊತ್ತು. ಸುಳ್ಳು ಮೆಸೇಜ್ ಬೆಳೆಯುವುದು ಅಲ್ಲೇ. ಕುರ್ಚಿಗಳು ವರ್ಷಗಟ್ಟಲೆ ಖಾಲಿ ಉಳಿದರೂ ಯಾರೂ ಕೇಳದೆ ಇರುವುದೂ ಅಲ್ಲೇ.

ಗಡ್ಡೆ ಯಾವ ಜಿಲ್ಲೆಯದ್ದು?

ಹಂಪಿಗೆ ಬಂದ ಪ್ರವಾಸಿಗರನ್ನು ಕೇಳಿದರೆ ವಿರೂಪಾಪುರ ಗಡ್ಡೆ ಹಂಪಿಯ ಭಾಗವೇ ಅನ್ನುತ್ತಾರೆ. ವಿರೂಪಾಕ್ಷ ದೇವಸ್ಥಾನದ ಹಿಂದಿನ ದಡದಲ್ಲಿ ನಿಂತರೆ ಗಡ್ಡೆ ಕಣ್ಣೆದುರೇ ಕಾಣುತ್ತದೆ, ದೋಣಿಯಲ್ಲಿ ಕೆಲವೇ ನಿಮಿಷದ ದಾರಿ. ಆದರೆ ದೋಣಿ ಇಳಿದಾಗ ನೀವು ಇರುವುದು ಬೇರೆ ಜಿಲ್ಲೆಯಲ್ಲಿ. ಹಂಪಿ ವಿಜಯನಗರ ಜಿಲ್ಲೆಯ ಹೊಸಪೇಟೆ ತಾಲ್ಲೂಕು. ಗಡ್ಡೆ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕು. ತಹಶೀಲ್ದಾರ್, ಪೊಲೀಸ್ ಠಾಣೆ, ಎಂಎಲ್‌ಎ, ಎಂಪಿ ಎಲ್ಲವೂ ಬೇರೆ. ಗಡ್ಡೆಯ ಮತದಾರರು ವಿಧಾನಸಭೆಗೆ ಗಂಗಾವತಿ ಕ್ಷೇತ್ರದಲ್ಲಿ, ಲೋಕಸಭೆಗೆ ಕೊಪ್ಪಳ ಕ್ಷೇತ್ರದಲ್ಲಿ ಮತ ಹಾಕುತ್ತಾರೆ.

ಇದಕ್ಕೆ ಕಾರಣ ಇತಿಹಾಸದಲ್ಲಿದೆ. ಬ್ರಿಟಿಷರ ಕಾಲದಲ್ಲಿ ತುಂಗಭದ್ರೆಯೇ ಗಡಿ. ದಕ್ಷಿಣ ದಡದ ಹೊಸಪೇಟೆ, ಹಂಪಿ, ಕಂಪ್ಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿಗೆ ಸೇರಿದ್ದವು. ಉತ್ತರ ದಡದ ಆನೆಗೊಂದಿ, ಗಂಗಾವತಿ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದವು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಎದುರು ದಡ ಬಂದದ್ದು 1956ರ ಏಕೀಕರಣದಲ್ಲಿ, ರಾಯಚೂರು ಜಿಲ್ಲೆಯ ಜೊತೆ. ಮುಂದೆ 1997ರಲ್ಲಿ ರಾಯಚೂರಿನಿಂದ ಕೊಪ್ಪಳ ಬೇರೆಯಾಯಿತು. ರಾಜ್ಯ ಒಂದಾದರೂ ಹಳೇ ಗಡಿಗೆರೆ ಜಿಲ್ಲೆಯ ಗೆರೆಯಾಗಿ ಹಾಗೇ ಉಳಿಯಿತು.

ಸಂಡೂರಿನದ್ದು ಇನ್ನೊಂದು ಥರದ ಕಥೆ. ಅಲ್ಲಿ ಹೊಳೆ ಇಲ್ಲ, ಸುತ್ತ ಗುಡ್ಡ. ಆದರೂ ನಕ್ಷೆಯಲ್ಲಿ ಸಂಡೂರು ಒಂದು ದ್ವೀಪವೇ ಆಗಿತ್ತು. ನಾಲ್ಕೂ ಕಡೆ ಬ್ರಿಟಿಷ್ ಬಳ್ಳಾರಿ, ಮಧ್ಯದಲ್ಲಿ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. 1949ರಲ್ಲಿ ಅದು ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನವಾಯಿತು. ಅದೇ ಮನೆತನದ ಎಂ.ವೈ. ಘೋರ್ಪಡೆ ಮುಂದೆ ಕರ್ನಾಟಕದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾದರು. ರಾಜಮನೆತನದ ವ್ಯಕ್ತಿಯೇ ಹಳ್ಳಿಯ ಪಂಚಾಯಿತಿಗಳಿಗೆ ಅಧಿಕಾರ ಹಂಚುವ ಖಾತೆ ನೋಡಿಕೊಂಡರು ಅನ್ನುವುದು ಗಮನಿಸಬೇಕಾದ ಮಾತು.

ಹಾಗಾದರೆ ನಡುಗಡ್ಡೆ ಅನ್ನುವ ಕಾರಣಕ್ಕೆ ಬೇರೆ ಆಡಳಿತ ಸಿಗುತ್ತದಾ? ಇಲ್ಲ. ಅಸ್ಸಾಮಿನ ಮಾಜುಲಿ ಬ್ರಹ್ಮಪುತ್ರಾ ನದಿಯ ದೊಡ್ಡ ದ್ವೀಪ, ಅದು 2016ರಲ್ಲಿ ಜಿಲ್ಲೆಯೇ ಆಯಿತು. ಲಕ್ಷದ್ವೀಪಕ್ಕೆ ಸ್ವಂತ ಲೋಕಸಭಾ ಸದಸ್ಯರಿದ್ದಾರೆ. ಅವೆಲ್ಲ ಸರ್ಕಾರದ ಪ್ರತ್ಯೇಕ ತೀರ್ಮಾನಗಳು. ವಿರೂಪಾಪುರ ಗಡ್ಡೆಯಂಥ ಚಿಕ್ಕ ಜಾಗ ಪಕ್ಕದ ಗ್ರಾಮ ಪಂಚಾಯಿತಿಯ ಭಾಗವಾಗಿಯೇ ಇರುತ್ತದೆ.

ಜಿಲ್ಲೆ ಬದಲಾದರೆ ಎಂಎಲ್‌ಎ, ಎಂಪಿ ಕ್ಷೇತ್ರವೂ ಬದಲಾಗುತ್ತಾ?

ಇಲ್ಲ. ವಿಜಯನಗರ ಜಿಲ್ಲೆ 2021ರ ಫೆಬ್ರವರಿಯಲ್ಲಿ ಅಧಿಸೂಚನೆಯಾಯಿತು, ಅಕ್ಟೋಬರ್ 2ರಂದು ಉದ್ಘಾಟನೆಯಾಯಿತು. ಇದು ರಾಜ್ಯದ 31ನೇ ಜಿಲ್ಲೆ. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಇದರ ಆರು ತಾಲ್ಲೂಕುಗಳು. ಹಿಂದೆ ಹೊಸಪೇಟೆ ತಾಲ್ಲೂಕಿನಲ್ಲೇ ಇದ್ದ ಕಂಪ್ಲಿ ಈಗ ಪ್ರತ್ಯೇಕ ತಾಲ್ಲೂಕು, ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿದೆ. ಸಂಡೂರೂ ಹಾಗೆಯೇ.

ಹೊಸಪೇಟೆಯವರಿಗೆ ಡಿಸಿ ಆಫೀಸು ಬದಲಾಯಿತು, ಎಸ್‌ಪಿ ಆಫೀಸು ಬದಲಾಯಿತು. ಆದರೆ ಲೋಕಸಭೆಗೆ ಅವರು ಈಗಲೂ ಬಳ್ಳಾರಿ ಕ್ಷೇತ್ರದ ಮತದಾರರೇ. ಕಾರಣ, ವಿಧಾನಸಭೆ ಮತ್ತು ಲೋಕಸಭೆ ಕ್ಷೇತ್ರಗಳ ಗಡಿ ಹಾಕುವುದು ಕ್ಷೇತ್ರ ಪುನರ್‌ವಿಂಗಡಣೆ ಆಯೋಗ. ಈಗಿರುವ ಗಡಿ 2008ರಲ್ಲಿ ಜಾರಿಯಾದದ್ದು. ರಾಜ್ಯ ಸರ್ಕಾರ ಹೊಸ ಜಿಲ್ಲೆ ಮಾಡಿದ ಮಾತ್ರಕ್ಕೆ ಅದು ಅಲುಗಾಡುವುದಿಲ್ಲ. 371ಜೆ ಸೌಲಭ್ಯ ಹೋಗುತ್ತದೆ ಅನ್ನುವ ಭಯಕ್ಕೂ ಆಧಾರವಿಲ್ಲ. ವಿಜಯನಗರವೂ ಕಲ್ಯಾಣ ಕರ್ನಾಟಕದ ಜಿಲ್ಲೆಯೇ.

ಯಾವ ಕೆಲಸಕ್ಕೆ ಯಾರನ್ನು ಕೇಳಬೇಕು?

ಬೀದಿ ದೀಪ ಕೆಟ್ಟಿದ್ದಕ್ಕೆ ಎಂಪಿಗೆ ಟ್ಯಾಗ್ ಮಾಡುವ ಪೋಸ್ಟ್‌ಗಳನ್ನು ನಾವು ದಿನವೂ ನೋಡುತ್ತೇವೆ. ನಿಜವಾಗಿ ಕೇಳಬೇಕಾದವರು ನಿಮ್ಮ ವಾರ್ಡಿನ ಸದಸ್ಯರು.

ಊರುಗಳಲ್ಲಿ: ಹೊಸಪೇಟೆಗೆ ನಗರಸಭೆ, ಸಂಡೂರು ಮತ್ತು ಕಂಪ್ಲಿಗೆ ಪುರಸಭೆ, ಹಂಪಿ ಪಕ್ಕದ ಕಮಲಾಪುರಕ್ಕೆ ಪಟ್ಟಣ ಪಂಚಾಯಿತಿ. ಕುಡಿಯುವ ನೀರು, ಕಸ, ಚರಂಡಿ, ಬೀದಿ ದೀಪ, ಮನೆ ಕಂದಾಯ ಇವರ ಕೆಲಸ. ಹೊಸಪೇಟೆ ನಗರಸಭೆಯ 35 ವಾರ್ಡುಗಳಿಗೆ 2021ರ ಡಿಸೆಂಬರ್‌ನಲ್ಲಿ ಮತದಾನ ನಡೆದಿತ್ತು.

ಹಳ್ಳಿಗಳಲ್ಲಿ ಮೂರು ಹಂತ: ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ. ಸುಮಾರು 400 ಜನಸಂಖ್ಯೆಗೆ ಒಬ್ಬರಂತೆ ಗ್ರಾಮ ಪಂಚಾಯಿತಿ ಸದಸ್ಯರು ಇರುತ್ತಾರೆ. ಇಷ್ಟು ಹತ್ತಿರದ ಜನಪ್ರತಿನಿಧಿ ಬೇರೆ ಯಾವ ಸದನದಲ್ಲೂ ಸಿಗುವುದಿಲ್ಲ. ಹಳ್ಳಿಯ ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಅಂಗನವಾಡಿ ಇಂಥವುಗಳ ಮೇಲುಸ್ತುವಾರಿಯಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಪಾತ್ರ ದೊಡ್ಡದು.

ಇವುಗಳ ಚುನಾವಣೆ ನಡೆಸುವುದು ದೆಹಲಿಯ ಭಾರತ ಚುನಾವಣಾ ಆಯೋಗ ಅಲ್ಲ, ಬೆಂಗಳೂರಿನ ರಾಜ್ಯ ಚುನಾವಣಾ ಆಯೋಗ. ಹೆಸರು ಹತ್ತಿರ ಹತ್ತಿರ ಇದ್ದರೂ ಸಂಸ್ಥೆಗಳು ಬೇರೆ. ಸಂವಿಧಾನದಲ್ಲಿ ಒಂದಕ್ಕೆ 324ನೇ ವಿಧಿ, ಇನ್ನೊಂದಕ್ಕೆ 243ಕೆ. ಪಂಚಾಯಿತಿ ಚುನಾವಣೆ ದಿನಾಂಕ ಎಂದು ಬರುವ ಮೆಸೇಜಿನಲ್ಲಿ ದೆಹಲಿ ಆಯೋಗದ ಲೋಗೋ ಇದ್ದರೆ ಅಲ್ಲೇ ಅನುಮಾನ ಪಡಿ.

ಪಂಚಾಯಿತಿ ಲೈಸೆನ್ಸ್ ಕೊಟ್ಟರೆ ಸಾಕಾ?

ಎಲ್ಲ ಅಧಿಕಾರವೂ ಚುನಾಯಿತರ ಕೈಯಲ್ಲಿ ಇರುವುದಿಲ್ಲ. ಇದಕ್ಕೆ ಗಡ್ಡೆಯೇ ಸಾಕ್ಷಿ. ಹಂಪಿ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇದ್ದವು. ಇದರ ರಕ್ಷಣೆಗೆಂದು 2002ರ ಕಾಯ್ದೆಯಡಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬಂತು. ಹೊಳೆಯ ಎರಡೂ ದಡದ 29 ಹಳ್ಳಿಗಳು, ಸುಮಾರು 236 ಚದರ ಕಿಲೋಮೀಟರ್ ಅದರ ವ್ಯಾಪ್ತಿ. ಈ ಪ್ರಾಧಿಕಾರಕ್ಕೆ ಜನ ನೇರವಾಗಿ ಮತ ಹಾಕಿ ಯಾರನ್ನೂ ಆರಿಸುವುದಿಲ್ಲ. ಆದರೆ ಅಲ್ಲಿ ಮನೆ, ಹೋಟೆಲ್ ಏನೇ ಕಟ್ಟಬೇಕಾದರೂ ಅದರ ಒಪ್ಪಿಗೆ ಬೇಕು.

ಗಡ್ಡೆಯ ಮೇಲೆ ಇದ್ದ ರೆಸಾರ್ಟ್, ಗೆಸ್ಟ್‌ಹೌಸ್‌ಗಳ ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಆ ಪ್ರದೇಶವನ್ನು 1988ರಲ್ಲೇ ಸಂರಕ್ಷಿತ ಎಂದು ಘೋಷಿಸಲಾಗಿತ್ತು. 2020ರ ಫೆಬ್ರವರಿಯಲ್ಲಿ ಕೋರ್ಟ್ ಮಾಲೀಕರ ಮೇಲ್ಮನವಿ ವಜಾ ಮಾಡಿತು, ಮಾರ್ಚ್‌ನಲ್ಲಿ ಕಟ್ಟಡಗಳನ್ನು ಕೆಡವಲಾಯಿತು. ಅವುಗಳನ್ನೇ ನಂಬಿ ಬದುಕುತ್ತಿದ್ದ ದೋಣಿಯವರು, ಅಡುಗೆಯವರು, ಸ್ಕೂಟರ್ ಬಾಡಿಗೆಗೆ ಕೊಡುವವರು ಬೇರೆ ಕೆಲಸ ಹುಡುಕಬೇಕಾಯಿತು. ಪರಂಪರೆ ಉಳಿಸುವುದು ಮುಖ್ಯವೋ, ಬದುಕು ಮುಖ್ಯವೋ ಅನ್ನುವ ಚರ್ಚೆ ಬೇರೆಯದು. ನಾವು ಇಲ್ಲಿ ಹೇಳುವುದು ಇಷ್ಟು: ಇಂಥ ಜಾಗದಲ್ಲಿ ಪಂಚಾಯಿತಿಯ ಒಂದು ಕಾಗದ ನಂಬಿ ದುಡ್ಡು ಹಾಕಿದರೆ ಕಷ್ಟ. ಆ ಕಾಗದದ ಮೇಲೆ ಇನ್ನೂ ಯಾರ ಸಹಿ ಬೇಕು ಅನ್ನುವುದನ್ನು ಮೊದಲೇ ಕೇಳಬೇಕು.

ಡ್ಯಾಂ ನೀರಿನದ್ದೂ ಇದೇ ಕಥೆ. ಹೊಸಪೇಟೆಯ ತುಂಗಭದ್ರಾ ಜಲಾಶಯದ 33 ಗೇಟುಗಳನ್ನು ತೆರೆಯುವ ತೀರ್ಮಾನ ಎಂಎಲ್‌ಎ ಅಥವಾ ಪಂಚಾಯಿತಿಯದ್ದಲ್ಲ. ಅದು ಮೂರು ರಾಜ್ಯಗಳಿಗೆ ಸಂಬಂಧಿಸಿದ ತುಂಗಭದ್ರಾ ಮಂಡಳಿಯದ್ದು. 2019ರ ಆಗಸ್ಟ್‌ನಲ್ಲಿ ಹೊರಹರಿವು ಹೆಚ್ಚಿ ವಿರೂಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದಾಗ ದೋಣಿ ಮತ್ತು ಹೆಲಿಕಾಪ್ಟರ್‌ನಲ್ಲಿ ಹೊರತರಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋಯಿತು. ಇಂಥ ಹೊತ್ತಿನಲ್ಲಿ ಹಳೇ ವಿಡಿಯೊ ಶೇರ್ ಮಾಡಿದರೆ ಕಂಪ್ಲಿ ಸೇತುವೆ ದಾಟುವವರಿಗೆ ಏನು ನಂಬಬೇಕೆಂದೇ ತಿಳಿಯುವುದಿಲ್ಲ. ಸೇತುವೆ ಮುಳುಗಿದೆಯೋ ಇಲ್ಲವೋ ಅನ್ನುವುದನ್ನು ತಾಲ್ಲೂಕು ಆಡಳಿತದಿಂದ ಕೇಳಿ. ಜೀವಕ್ಕೆ ಅಪಾಯ ಇದ್ದರೆ 112ಕ್ಕೆ ಫೋನ್ ಮಾಡಿ, ಆ ನಂಬರಿಗೆ ಯಾವ ದಡವಾದರೂ ಒಂದೇ.

ಫಾರ್ವರ್ಡ್ ಆಗದ ನಿಜ: ಖಾಲಿ ಕುರ್ಚಿ

ಸಂಡೂರಿನ ಶಾಸಕರಾಗಿದ್ದ ಇ. ತುಕಾರಾಂ 2024ರ ಲೋಕಸಭೆ ಚುನಾವಣೆಯಲ್ಲಿ ಬಳ್ಳಾರಿಯಿಂದ ಗೆದ್ದರು, ಶಾಸಕ ಸ್ಥಾನ ಬಿಟ್ಟರು. ಸ್ಥಾನ ತೆರವಾದ ಆರು ತಿಂಗಳೊಳಗೆ ಉಪಚುನಾವಣೆ ಆಗಬೇಕು ಅನ್ನುವುದು ಜನಪ್ರತಿನಿಧಿ ಕಾಯ್ದೆಯ ಸಾಮಾನ್ಯ ನಿಯಮ. ಅದರಂತೆ ನವೆಂಬರ್ 13ರಂದು ಮತದಾನ ನಡೆದು, ಇ. ಅನ್ನಪೂರ್ಣ ಶಾಸಕರಾದರು. ಒಂದು ಕುರ್ಚಿ ಖಾಲಿಯಾಗಿದ್ದಕ್ಕೆ ಇಡೀ ಸಂಡೂರಿಗೆ ಮಂತ್ರಿಗಳ ದಂಡೇ ಬಂದಿತ್ತು.

ಈಗ ಇದನ್ನು ನೋಡಿ. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಅವುಗಳ ಐದು ವರ್ಷದ ಅವಧಿ 2021ರಲ್ಲಿ ಮುಗಿಯಿತು. ಅದಾಗಿ ನಾಲ್ಕು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಅಷ್ಟೂ ಕಾಲ ಆಡಳಿತಾಧಿಕಾರಿಗಳೇ ನಡೆಸಿದರು. ವಿಜಯನಗರ ಜಿಲ್ಲೆ ಹುಟ್ಟಿದ್ದೇ 2021ರಲ್ಲಿ. ಅಂದರೆ ಒಂದು ಜಿಲ್ಲೆ ತನ್ನ ಮೊದಲ ನಾಲ್ಕು ವರ್ಷವನ್ನು ಸ್ವಂತ ಚುನಾಯಿತ ಜಿಲ್ಲಾ ಪಂಚಾಯಿತಿಯನ್ನು ಒಮ್ಮೆಯೂ ನೋಡದೆ ಕಳೆಯಿತು.

ಯಾಕೆ ಹೀಗಾಯಿತು? 2021ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಕ್ಷೇತ್ರ ವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಡಲಾಯಿತು. ಹಿಂದುಳಿದ ವರ್ಗಗಳ ಮೀಸಲಾತಿಗೆ ಅಂಕಿಅಂಶದ ಆಧಾರ ಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು, ಅದಕ್ಕೆ 2022ರಲ್ಲಿ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ರಚನೆಯಾಯಿತು. ಹೈಕೋರ್ಟ್‌ನಲ್ಲಿ ಕೇಸು, ಸರ್ಕಾರದಿಂದ ಸಮಯದ ಕೋರಿಕೆ. ಈ ನಡುವೆ ಸರ್ಕಾರ ಬದಲಾಯಿತು, ವಿಳಂಬ ಬದಲಾಗಲಿಲ್ಲ. ಆದ್ದರಿಂದ ತಪ್ಪನ್ನು ಒಂದೇ ಪಕ್ಷದ ಮೇಲೆ ಹೊರಿಸುವ ಫಾರ್ವರ್ಡ್ ಅರ್ಧ ಸತ್ಯ ಮಾತ್ರ.

ಸಂವಿಧಾನ ಏನು ಹೇಳುತ್ತದೆ? 243ಇ ವಿಧಿಯ ಪ್ರಕಾರ ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಆ ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು. ನಗರ ಸಂಸ್ಥೆಗಳಿಗೂ ಇಂಥದ್ದೇ ನಿಯಮವಿದೆ. ಅವುಗಳ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2006ರ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಇದನ್ನೇ ಒತ್ತಿ ಹೇಳಿತು.

ಇದರಿಂದ ಜನರಿಗೆ ಏನು ನಷ್ಟ? ಅಧಿಕಾರಿ ಒಳ್ಳೆಯವರೇ ಇರಬಹುದು. ಆದರೆ ಸಂಡೂರಿನ ಗುಡ್ಡದ ಹಳ್ಳಿಯಲ್ಲಿ ಶಾಲೆ ಸೋರುತ್ತಿದ್ದರೆ ಜಿಲ್ಲಾ ಪಂಚಾಯಿತಿ ಸಭೆಯಲ್ಲಿ ಎದ್ದು ನಿಂತು ಜಗಳ ಆಡುವ ಆ ಭಾಗದ ಸದಸ್ಯರು ಇರುವುದಿಲ್ಲ. ಮುಂದಿನ ಸಲ ಅವರ ಮನೆ ಬಾಗಿಲಿಗೆ ಬರಬೇಕು ಅನ್ನುವ ಹೆದರಿಕೆ ಅಧಿಕಾರಿಗೆ ಇಲ್ಲ. ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು, ಆ ಮಹಿಳೆಯರ ಅವಕಾಶವೂ ಅಷ್ಟು ವರ್ಷ ಹೋಯಿತು. ಶಾಸಕರಾಗುವ ಮೊದಲು ಜಿಲ್ಲಾ ಪಂಚಾಯಿತಿಯಲ್ಲಿ ಪಳಗಿದವರು ನಮ್ಮಲ್ಲಿ ಎಷ್ಟೋ ಜನ. ಆ ಮೆಟ್ಟಿಲೇ ಮುಚ್ಚಿಹೋಗಿತ್ತು.

ಚಾಲೆಂಜ್ ವೋಟ್, ಟೆಂಡರ್ ವೋಟ್, 350 ರೂಪಾಯಿ

ಈಗ ಮೊದಲ ಮೆಸೇಜಿಗೆ ಬರೋಣ.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್, ಪಾಸ್‌ಪೋರ್ಟ್ ಏನೇ ತೋರಿಸಿದರೂ ಮತ ಹಾಕಲು ಬಿಡುವುದಿಲ್ಲ. ಕೈಯಲ್ಲಿ ವೋಟರ್ ಐಡಿ ಇದ್ದರೂ ಅಷ್ಟೇ, ಪಟ್ಟಿಯಲ್ಲಿ ಹೆಸರು ಇರಲೇಬೇಕು. ಚಾಲೆಂಜ್ ಅನ್ನುವುದು ಮತದಾರರು ಹಾಕುವ ವೋಟೇ ಅಲ್ಲ. ನೀವು ನೀವಲ್ಲ ಅಂತ ಮತಗಟ್ಟೆಯಲ್ಲಿರುವ ಪಕ್ಷದ ಏಜೆಂಟ್ ಎತ್ತುವ ತಕರಾರು ಅದು. ಅದಕ್ಕೆ ಏಜೆಂಟ್ ಎರಡು ರೂಪಾಯಿ ಠೇವಣಿ ಇಡಬೇಕು, ಮತಗಟ್ಟೆ ಅಧಿಕಾರಿ ವಿಚಾರಿಸಿ ತೀರ್ಮಾನ ಕೊಡುತ್ತಾರೆ.

ಟೆಂಡರ್ ವೋಟ್ ನಿಜವಾಗಿ ಇದೆ. ಪಟ್ಟಿಯಲ್ಲಿ ನಿಮ್ಮ ಹೆಸರಿದ್ದು, ನೀವು ಹೋಗುವ ಮೊದಲೇ ಯಾರೋ ನಿಮ್ಮ ಹೆಸರಲ್ಲಿ ಮತ ಹಾಕಿದ್ದರೆ, ಗುರುತು ಸಾಬೀತುಪಡಿಸಿ ಕಾಗದದ ಮತಪತ್ರ ಕೇಳಬಹುದು. ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ, ಸಾಮಾನ್ಯ ಎಣಿಕೆಗೆ ಸೇರಿಸುವುದಿಲ್ಲ. ಕೋರ್ಟ್ ಹೇಳಿದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಶೇಕಡಾ 14 ಟೆಂಡರ್ ವೋಟ್ ಬಿದ್ದರೆ ಮರುಮತದಾನ ಅನ್ನುವುದು ಶುದ್ಧ ಸುಳ್ಳು.

ಮತ ಹಾಕದಿದ್ದರೆ ಬ್ಯಾಂಕ್ ಖಾತೆಯಿಂದ 350 ರೂಪಾಯಿ ಕಟ್ ಆಗುತ್ತದೆ ಅನ್ನುವುದು 2019ರಲ್ಲಿ ಹಿಂದಿ ಪತ್ರಿಕೆಯೊಂದು ಹೋಳಿ ಹಬ್ಬದ ತಮಾಷೆಗೆ ಬರೆದದ್ದು. ತಮಾಷೆ ಅನ್ನುವ ಸಾಲನ್ನು ಕತ್ತರಿಸಿ ಜನ ಇವತ್ತಿಗೂ ಹಂಚುತ್ತಿದ್ದಾರೆ.

"ನನ್ನ ಒಂದು ವೋಟಿನಿಂದ ಏನಾಗುತ್ತದೆ" ಅನ್ನುವವರಿಗೆ 2004ರ ಸಂತೇಮರಹಳ್ಳಿ ನೆನಪಿಸಬೇಕು. ಅಲ್ಲಿ ಆರ್. ಧ್ರುವನಾರಾಯಣ ಒಂದೇ ಒಂದು ಮತದಿಂದ ಎ.ಆರ್. ಕೃಷ್ಣಮೂರ್ತಿ ಅವರನ್ನು ಸೋಲಿಸಿದರು. ಕೆಲವು ನೂರು ಮತಗಳಲ್ಲಿ ತೀರ್ಮಾನವಾಗುವ ಗ್ರಾಮ ಪಂಚಾಯಿತಿಗಳಲ್ಲಿ ಸಮಬಲವಾಗಿ ಚೀಟಿ ಎತ್ತುವುದೂ ಉಂಟು.

ಗ್ರಾಮ ಪಂಚಾಯಿತಿ ಯಾವ ಪಕ್ಷ ಗೆದ್ದಿತು?

ಕಾನೂನಿನ ಪ್ರಕಾರ ಉತ್ತರ: ಯಾವ ಪಕ್ಷವೂ ಅಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗೆ ಇದೆ. ಗ್ರಾಮ ಪಂಚಾಯಿತಿ ಅಭ್ಯರ್ಥಿಗಳಿಗೆ ಪಕ್ಷಕ್ಕೆ ಸೇರದ ಚಿಹ್ನೆಗಳನ್ನು ಕೊಡುತ್ತಾರೆ. ಒಳಗೊಳಗೆ ಪಕ್ಷ ಇರುವುದು ಎಲ್ಲರಿಗೂ ಗೊತ್ತು, ಆದರೆ ಆಯೋಗದ ದಾಖಲೆಯಲ್ಲಿ ಪಕ್ಷದ ಲೆಕ್ಕ ಇರುವುದಿಲ್ಲ. 2020ರ ಡಿಸೆಂಬರ್ ಚುನಾವಣೆಯ ಫಲಿತಾಂಶ ಬಂದಾಗ ಪಕ್ಷಗಳು ತಾವೇ ಗೆದ್ದೆವು ಅಂದಿದ್ದು ಇದೇ ಕಾರಣಕ್ಕೆ. ಅಂಥ ಶೇಕಡಾವಾರು ಪೋಸ್ಟರ್‌ಗಳಿಗೆ ಅಧಿಕೃತ ಆಧಾರ ಇಲ್ಲ.

ಇನ್ನೊಂದು ಉಪಯೋಗದ ವಿಷಯ: ಗ್ರಾಮ ಪಂಚಾಯಿತಿಯ ಒಂದು ವಾರ್ಡಿನಲ್ಲಿ ಎರಡು ಮೂರು ಸ್ಥಾನ ಇದ್ದರೆ ಅಷ್ಟು ಮತ ಹಾಕುವ ಹಕ್ಕು ನಿಮಗಿದೆ, ಒಬ್ಬರಿಗೆ ಒಂದರಂತೆ. ಇದು ತಿಳಿಯದೆ ಒಂದೇ ಮುದ್ರೆ ಒತ್ತಿ ಬಂದರೆ ಉಳಿದ ಮತಗಳು ದಂಡ.

ಫಾರ್ವರ್ಡ್ ಒತ್ತುವ ಮೊದಲು

ಪಟ್ಟಿಯಲ್ಲಿ ಹೆಸರಿದೆಯಾ ಅಂತ ಚುನಾವಣೆ ಘೋಷಣೆಯಾಗುವ ಮುಂಚೆಯೇ ನೋಡಿಕೊಳ್ಳಿ. ಪಂಚಾಯಿತಿ ಚುನಾವಣೆಗೂ ವಿಧಾನಸಭೆಯ ಪಟ್ಟಿಯೇ ಆಧಾರ. ಹೊಸ ಹೆಸರಿಗೆ ನಮೂನೆ 6. ಊರು ಬಿಟ್ಟು ಬೇರೆ ಕಡೆ ಮನೆ ಮಾಡಿದ್ದರೆ ನಮೂನೆ 8. ಗಡ್ಡೆಯಿಂದ ಹೊಸಪೇಟೆಗೆ ಬಂದವರಿಗೂ, ಕಂಪ್ಲಿಯಿಂದ ಬೆಂಗಳೂರಿಗೆ ಹೋದವರಿಗೂ ಇದೇ ದಾರಿ. ಎರಡು ಕಡೆ ಹೆಸರು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಸಹಾಯಕ್ಕೆ 1950 ನಂಬರ್ ಇದೆ, ನಿಮ್ಮ ಮತಗಟ್ಟೆಯ ಬಿಎಲ್‌ಒ ಇದ್ದಾರೆ.

ಮೆಸೇಜ್ ಬಂದಾಗ ಮೂರು ಪ್ರಶ್ನೆ ಕೇಳಿ. ಇದು ಯಾವ ಸಂಸ್ಥೆಯ ಚುನಾವಣೆ? ನಡೆಸುವುದು ಯಾವ ಆಯೋಗ? ಮೆಸೇಜಿನಲ್ಲಿ ಹೇಳಿದ ಊರು ಯಾವ ಜಿಲ್ಲೆಯದ್ದು? ಈ ಮೂರಕ್ಕೆ ಉತ್ತರ ಸಿಗದಿದ್ದರೆ ಹಂಚಬೇಡಿ.

ಇನ್ನೊಂದು ಕೆಲಸವನ್ನೂ ಮಾಡಬಹುದು. ನಿಮ್ಮ ಊರಿನ ಗ್ರೂಪಿನಲ್ಲಿ ಒಂದು ಪ್ರಶ್ನೆ ಹಾಕಿ: "ನಮ್ಮ ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಸದಸ್ಯರು ಯಾರು, ಅವರ ಅವಧಿ ಯಾವಾಗ ಮುಗಿಯುತ್ತದೆ?" ಎಷ್ಟು ಜನ ಉತ್ತರಿಸುತ್ತಾರೆ ನೋಡಿ. ಯಾರಿಗೂ ಗೊತ್ತಿಲ್ಲದಿದ್ದರೆ ಪಿಡಿಒ ಅವರನ್ನು ಕೇಳಿ, ಮುಂದಿನ ಗ್ರಾಮ ಸಭೆಯಲ್ಲಿ ಕೇಳಿ. ಸಿಕ್ಕ ಉತ್ತರವನ್ನು ಅದೇ ಗ್ರೂಪಿಗೆ ಹಾಕಿ. ಆ ಮೆಸೇಜನ್ನು ಎಷ್ಟು ಸಲ ಫಾರ್ವರ್ಡ್ ಮಾಡಿದರೂ ನಮ್ಮ ತಕರಾರಿಲ್ಲ.